ಬೆಳಗಿನ ಹಾಲಿನ ಸರದಿ ಮತ್ತು ಫಾಸ್ಟ್‌ಎಪಿಐ: ನನ್ನ ಅನುಭವ

ಹಳ್ಳಿಯ ಹಾಲಿನ ಡೇರಿಯಲ್ಲಿ ಬೆಳಗಿನ ಕೆಲಸವೆಲ್ಲ ಆರರಿಂದ ಎಂಟು ಗಂಟೆಯೊಳಗೆ ಮುಗಿದುಹೋಗುತ್ತದೆ. ಹಲವು ಡೇರಿಗಳಲ್ಲಿ ಅಳೆದ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಲೆಕ್ಕವನ್ನು ಒಂದೇ ಸರ್ವರ್‌ಗೆ ತಂದು, ದರ ಕಟ್ಟಿ, ಹಾಲು ಹಾಕಿದವರ ಮೊಬೈಲಿಗೆ ಎಸ್‌ಎಂಎಸ್ ಕಳಿಸುವ ಎಪಿಐ (ಬೇರೆ ಪ್ರೋಗ್ರಾಂಗಳು ಸರ್ವರ್ ಜತೆ ಮಾತಾಡುವ ದಾರಿ) ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮಧ್ಯಾಹ್ನವೆಲ್ಲ ಸರ್ವರ್ ಸುಮ್ಮನೆ ಕೂತಿರುತ್ತದೆ. ಬೆಳಗ್ಗೆ ಮತ್ತು ಸಂಜೆ ಮಾತ್ರ ಎಲ್ಲ ಊರುಗಳೂ ಒಟ್ಟಿಗೆ ಬಾಗಿಲು ತಟ್ಟುತ್ತವೆ.

ಮೊದಲು ಪೈಥಾನ್‌ನ ಫ್ಲಾಸ್ಕ್ ಎಂಬ ವೆಬ್ ಫ್ರೇಮ್‌ವರ್ಕ್‌ನಲ್ಲಿ ಬರೆದ ಹಳೆಯ ಕೋಡ್ ಇತ್ತು. ಲಾಗ್ ತೆರೆದು ನೋಡಿದಾಗ ಸರ್ವರ್ ಲೆಕ್ಕ ಮಾಡುವುದಕ್ಕಿಂತ ಕಾಯುವುದೇ ಹೆಚ್ಚು ಎಂದು ಗೊತ್ತಾಯಿತು: ಡೇಟಾಬೇಸ್ ಉತ್ತರಕ್ಕೆ, ಎಸ್‌ಎಂಎಸ್ ಗೇಟ್‌ವೇ (ಸಂದೇಶ ರವಾನಿಸುವ ಹೊರಗಿನ ಸೇವೆ) ಉತ್ತರಕ್ಕೆ. ಕಾಯುವ ಕೆಲಸ ಹೆಚ್ಚಿರುವಲ್ಲಿ ಅಸಿಂಕ್, ಅಂದರೆ ಒಂದರ ಉತ್ತರಕ್ಕೆ ಕಾಯುವಾಗ ಇನ್ನೊಂದರ ಕೆಲಸ ಮಾಡುವ ರೀತಿ, ಹೊಂದುತ್ತದೆ. ಹಾಗಾಗಿ ಪೈಥಾನ್‌ನದೇ ಫಾಸ್ಟ್‌ಎಪಿಐ ಆರಿಸಿಕೊಂಡೆ. ಸೆಬಾಸ್ಟಿಯನ್ ರಾಮಿರೆಜ್ 2018ರ ಡಿಸೆಂಬರ್‌ನಲ್ಲಿ ಹೊರತಂದ ಈ ಫ್ರೇಮ್‌ವರ್ಕ್, ವೆಬ್ ಭಾಗಕ್ಕೆ ಸ್ಟಾರ್ಲೆಟ್ ಮೇಲೂ ಡೇಟಾ ಪರಿಶೀಲನೆಗೆ ಪೈಡ್ಯಾಂಟಿಕ್ ಮೇಲೂ ನಿಂತಿದೆ.

ಎಲ್ಲ ಫಂಕ್ಷನ್‌ಗಳನ್ನೂ 'ಅಸಿಂಕ್ ಡೆಫ್' (ಅಸಿಂಕ್ ಫಂಕ್ಷನ್) ಎಂದೇ ಬರೆದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿ ಓಡಿತು. ಚಾಲೂ ಮಾಡಿದ ಮೊದಲ ಬೆಳಗ್ಗೆಯೇ ಒಂದು ಡೇರಿಯ ಕಾರ್ಯದರ್ಶಿಯವರ ಫೋನ್: "ಸಾರ್, ಸುತ್ತುತ್ತಾನೇ ಇದೆ, ಇಲ್ಲಿ ಜನ ಕ್ಯಾನ್ ಹಿಡ್ಕೊಂಡು ನಿಂತಿದಾರೆ." ನಾನು ಮೊದಲು ಶಂಕಿಸಿದ್ದು ಡೇಟಾಬೇಸನ್ನು. ಆದರೆ ಡೇಟಾಬೇಸ್ ಮುಟ್ಟದೆ ಬರೀ 'ಸರಿ' ಎಂದು ಉತ್ತರಿಸುವ ಹೆಲ್ತ್ ಚೆಕ್ ಕೂಡ ಸೆಕೆಂಡುಗಟ್ಟಲೆ ತೆಗೆದುಕೊಳ್ಳುತ್ತಿತ್ತು. ಏನೂ ಮಾಡದ ಫಂಕ್ಷನ್ ತಡವಾಗುತ್ತಿದೆ ಎಂದರೆ ಅದರ ಸರದಿಯೇ ಬರುತ್ತಿಲ್ಲ ಎಂದರ್ಥ.

ಡೇರಿಯಲ್ಲಿ ಹಾಲು ಪರೀಕ್ಷಿಸುವವರನ್ನು ನೋಡಿ. ಸ್ಯಾಂಪಲ್ ಯಂತ್ರಕ್ಕಿಟ್ಟು, ಅದು ಫ್ಯಾಟ್ ತೋರಿಸುವಷ್ಟರಲ್ಲಿ ಮುಂದಿನವರ ಹಾಲು ಅಳೆದುಕೊಳ್ಳುತ್ತಾರೆ. ಅಸಿಂಕ್ ಕೆಲಸಗಳಿಗೆ ಸರದಿ ಹಂಚುವ ಇವೆಂಟ್ ಲೂಪ್ ಮಾಡುವುದೂ ಇಷ್ಟೇ. 'ಅವೇಟ್' ಎಂದು ಬರೆದ ಕಡೆ ಕೈ ಬಿಡಿಸಿಕೊಂಡು ಬೇರೆಯವರ ಕೆಲಸಕ್ಕೆ ಹೋಗುತ್ತದೆ. ನಾನು ಎಸ್‌ಎಂಎಸ್ ಕಳಿಸಲು ಬಳಸಿದ್ದು ಬೇರೆ ಸರ್ವರ್‌ಗೆ ಕರೆ ಮಾಡುವ ರಿಕ್ವೆಸ್ಟ್ಸ್ ಲೈಬ್ರರಿ. ಅದಕ್ಕೆ 'ಅವೇಟ್' ಎಂಬುದೇ ಇಲ್ಲ. ಗೇಟ್‌ವೇ ಉತ್ತರಿಸುವವರೆಗೆ ಇಡೀ ಲೂಪ್ ಯಂತ್ರದ ಮುಂದೆಯೇ ನಿಂತುಬಿಡುತ್ತಿತ್ತು, ಹಿಂದಿನ ಸಾಲೆಲ್ಲ ಅಲ್ಲೇ. ಜತೆಗೆ ಆ ಲೈಬ್ರರಿಗೆ ತಾನಾಗಿ ಯಾವ ಟೈಮ್‌ಔಟೂ (ಕಾಯುವ ಗಡುವು) ಇಲ್ಲ. ನಾನೂ ಕೊಟ್ಟಿರಲಿಲ್ಲ.

ಇದನ್ನು ಕಣ್ಣಾರೆ ತೋರಿಸಿಕೊಟ್ಟದ್ದು ಪೈಥಾನ್‌ನಲ್ಲಿ ಇವೆಂಟ್ ಲೂಪ್ ನಡೆಸುವ ಅಸಿಂಕ್‌ಐಒದ ಡೀಬಗ್ ಮೋಡ್ (ತಪ್ಪು ಹುಡುಕುವ ಸ್ಥಿತಿ). ಅದನ್ನು ಆನ್ ಮಾಡಿದರೆ 100 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಲೂಪನ್ನು ಹಿಡಿದಿಟ್ಟ ಪ್ರತಿಯೊಂದು ತುಣುಕೂ ಲಾಗ್‌ಗೆ ಬೀಳುತ್ತದೆ. ಅಸಿಂಕ್ ಕೋಡ್ ಬರೆಯುವವರು ಮೊದಲ ದಿನದಿಂದಲೇ ಟೆಸ್ಟ್ ಸರ್ವರ್‌ನಲ್ಲಿ ಇದನ್ನು ಹಾಕಿಡಲಿ ಎಂಬುದು ನನ್ನ ಕಳಕಳಿಯ ಮಾತು.

ರಿಕ್ವೆಸ್ಟ್ಸ್ ತೆಗೆದು, ಅದೇ ಕೆಲಸವನ್ನು 'ಅವೇಟ್' ಜತೆ ಮಾಡುವ ಎಚ್‌ಟಿಟಿಪಿಎಕ್ಸ್ ಹಾಕಿದೆ. ಕರೆ ಮಾಡುವ ಅದರ ಕ್ಲೈಂಟನ್ನು ಪ್ರತಿ ಸಲ ಹೊಸದಾಗಿ ತೆರೆಯದೆ, ಆ್ಯಪ್ ಏಳುವಾಗ ಲೈಫ್‌ಸ್ಪ್ಯಾನ್‌ನಲ್ಲಿ ಒಂದೇ ಬಾರಿ ಕಟ್ಟಿ, ಮುಚ್ಚುವಾಗ ಮುಚ್ಚುತ್ತೇನೆ. ಹೀಗೆ ಮಾಡಿದರೆ ಗೇಟ್‌ವೇ ಜತೆ ಪ್ರತಿ ಸಲ ಹೊಸ ಸಂಪರ್ಕ ಕಟ್ಟುವ ಹೊತ್ತೂ ಉಳಿಯುತ್ತದೆ.

ಲೂಪ್ ಸಡಿಲವಾದದ್ದೇ ತಡ, ಮುಂದಿನ ಗಂಟು ಎದುರಾಯಿತು. ಈಗ ನೂರು ರಿಕ್ವೆಸ್ಟ್ ಒಟ್ಟಿಗೆ ಒಳಗೆ ಬರುತ್ತಿದ್ದವು, ಆದರೆ ಡೇಟಾಬೇಸ್ ಜತೆ ಮಾತಾಡಿಸುವ ಎಸ್‌ಕ್ಯುಎಲ್‌ಆಲ್ಕೆಮಿ ಲೈಬ್ರರಿಯ ಪೂಲ್ (ಕನೆಕ್ಷನ್‌ಗಳ ಸಂಗ್ರಹ) ಸುಮ್ಮನೆ ಬಿಟ್ಟರೆ ಕೊಡುವುದು 5 ಕನೆಕ್ಷನ್, ತೀರಾ ಬೇಕೆಂದರೆ ಮೇಲೆ 10. ಉಳಿದವು 30 ಸೆಕೆಂಡ್ ಕಾದು ಸೋಲುತ್ತಿದ್ದವು. ಪೂಲ್ ಹಿಗ್ಗಿಸಬೇಕೆನ್ನಿಸಿತು, ಹಿಗ್ಗಿಸಲಿಲ್ಲ. ಕೋಡ್ ಮತ್ತೆ ಓದಿದಾಗ, ಡೇಟಾಬೇಸ್ ಸೆಷನ್ (ಅದರ ಜತೆ ಒಂದು ಕನೆಕ್ಷನ್ನೂ) ಹಿಡಿದುಕೊಂಡೇ ಎಸ್‌ಎಂಎಸ್‌ಗೆ ಕಾಯುತ್ತಿದ್ದುದು ಕಣ್ಣಿಗೆ ಬಿತ್ತು. ಮೊದಲು ಬರೆದು ಕಮಿಟ್ ಮಾಡಿ (ಬರೆದದ್ದನ್ನು ಖಾಯಂ ಮಾಡಿ), ಸೆಷನ್ ಬಿಟ್ಟು, ಆಮೇಲೆ ಹೊರಗಿನ ಕರೆ ಮಾಡುವಂತೆ ತಿರುಗಿಸಿದೆ. ಅಷ್ಟೇ ಕನೆಕ್ಷನ್‌ಗಳು ಸಾಕಾದವು.

ಎಲ್ಲವನ್ನೂ ಅಸಿಂಕ್ ಮಾಡಬೇಕೆಂಬ ಹಟವನ್ನೂ ಅಲ್ಲಿಗೇ ಬಿಟ್ಟೆ. ಹದಿನೈದು ದಿನದ ಬಟವಾಡೆ ಪಟ್ಟಿಯನ್ನು ಪಿಡಿಎಫ್ ಮಾಡುವ ಲೈಬ್ರರಿ ಅಸಿಂಕ್ ಅಲ್ಲ. ಆ ಫಂಕ್ಷನ್ನನ್ನು ಬರೀ 'ಡೆಫ್' ಎಂದು ಬರೆದರೆ ಫಾಸ್ಟ್‌ಎಪಿಐ ತಾನೇ ಅದನ್ನು ಬೇರೆ ಥ್ರೆಡ್‌ಗೆ, ಅಂದರೆ ಲೂಪಿನ ಪಕ್ಕದಲ್ಲಿ ಓಡುವ ಇನ್ನೊಂದು ಎಳೆಗೆ, ಕಳಿಸುತ್ತದೆ. ಸಾಮಾನ್ಯವಾಗಿ ಅಂಥ 40 ಥ್ರೆಡ್‌ಗಳಿಗೆ ಜಾಗವಿರುತ್ತದೆ. ನಮಗೆ ಅದು ಧಾರಾಳ.

ಪೈಡ್ಯಾಂಟಿಕ್ ಬಗ್ಗೆ ಒಂದು ಮಾತು. ಫ್ಯಾಟ್ 4.2 ಎಂದು ಒತ್ತುವಲ್ಲಿ ಚುಕ್ಕೆ ಬಿಟ್ಟು 42 ಎಂದು ಒತ್ತುವುದು ಡೇರಿಯಲ್ಲಿ ಅಪರೂಪವಲ್ಲ. ಮಾಡೆಲ್‌ನಲ್ಲಿ ಫ್ಯಾಟ್‌ಗೆ ಮೇಲಿನ ಮಿತಿ ಹಾಕಿದೆ. ಮಿತಿ ಮೀರಿದರೆ 422 (ಕೊಟ್ಟ ಡೇಟಾ ಸರಿಯಿಲ್ಲ) ಎಂಬ ಉತ್ತರ ಹೋಗುತ್ತದೆ, ನನ್ನ ಫಂಕ್ಷನ್ ಶುರುವೇ ಆಗುವುದಿಲ್ಲ. ಆದರೆ ಅದರ ಇಂಗ್ಲಿಷ್ ತಪ್ಪು ಸಂದೇಶ ಪರೀಕ್ಷಿಸುವವರಿಗೆ ಏನೂ ಹೇಳುತ್ತಿರಲಿಲ್ಲ. ಆ ಎರರ್ ಹಿಡಿದು 'ಫ್ಯಾಟ್ ಮತ್ತೊಮ್ಮೆ ನೋಡಿ' ಎಂದು ಕನ್ನಡದಲ್ಲಿ ಕೊಡುವಂತೆ ಬರೆದೆ. ದುಡ್ಡಿನ ಲೆಕ್ಕಕ್ಕೆ ದಶಮಾಂಶವನ್ನು ಅಂದಾಜಿನಲ್ಲಿಡುವ ಫ್ಲೋಟ್ ಬಿಟ್ಟು, ಇದ್ದಂತೆಯೇ ಇಡುವ ಡೆಸಿಮಲ್ ಬಳಸಿದೆ. ರೈತರ ಲೆಕ್ಕದಲ್ಲಿ ಒಂದು ಪೈಸೆಯೂ ಆಚೀಚೆ ಆಗಬಾರದು.

ಕೊನೆಗೆ ಎಸ್‌ಎಂಎಸ್ಸನ್ನು ರಿಕ್ವೆಸ್ಟ್‌ನಿಂದಲೇ ಹೊರಗಿಟ್ಟೆ. ಉತ್ತರ ಕಳಿಸಿದ ಮೇಲೆ ಓಡುವ ಫಾಸ್ಟ್‌ಎಪಿಐಯ ಬ್ಯಾಕ್‌ಗ್ರೌಂಡ್ ಟಾಸ್ಕ್ ಸುಲಭದ ದಾರಿ, ಆದರೆ ಅದು ಅದೇ ಪ್ರೋಸೆಸ್‌ನಲ್ಲಿ ಬದುಕಿರುತ್ತದೆ. ಸರ್ವರ್ ಥಟ್ಟನೆ ಬಿದ್ದರೆ ಬಾಕಿ ಸಂದೇಶಗಳೂ ಹೋದವು. ಈಗ ಹಾಲಿನ ಲೆಕ್ಕ ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ (ಬರೆದರೆ ಎಲ್ಲವೂ, ಇಲ್ಲವಾದರೆ ಯಾವುದೂ ಇಲ್ಲ) 'ಕಳಿಸಬೇಕು' ಎಂಬ ಒಂದು ಸಾಲನ್ನೂ ಬರೆಯುತ್ತೇನೆ. ಪಕ್ಕದಲ್ಲಿ ಓಡುವ ಸಣ್ಣ ವರ್ಕರ್ ಆ ಸಾಲುಗಳನ್ನು ಎತ್ತಿಕೊಂಡು ಕಳಿಸುತ್ತದೆ. ಗೇಟ್‌ವೇ ಅರ್ಧ ಗಂಟೆ ಮಲಗಿದ ದಿನವೂ ಡೇರಿಯ ಸಾಲು ನಿಲ್ಲಲಿಲ್ಲ. ಸಂದೇಶಗಳು ಹಾಲಿನ ಲಾರಿ ಹೊರಟ ಮೇಲೆ ಹೋದವು.