ಪದ್ಮಿನಿಯ ಟ್ಯಾಂಕಿನ ತುಕ್ಕು ತೆಗೆದದ್ದು

ಕಾರವಾರದ ನಮ್ಮ ಮನೆಯಂಗಳದಲ್ಲಿ ಡ್ರ್ಯಾಗ್ ರೇಸಿಗೆಂದು (ನೇರ ರಸ್ತೆಯಲ್ಲಿ ನಿಂತಲ್ಲಿಂದ ಜೋರಾಗಿ ಓಡಿಸುವ ಪಂದ್ಯ) ಕಟ್ಟುತ್ತಿರುವ ಹಳೇ ಪ್ರೀಮಿಯರ್ ಪದ್ಮಿನಿ ಐಡಲ್‌ನಲ್ಲಿ ಚೆನ್ನಾಗಿತ್ತು. ಫುಲ್ ಥ್ರಾಟಲ್ ಕೊಟ್ಟರೆ ಮಾತ್ರ ಎರಡನೇ ಗೇರಿನಲ್ಲೇ ಉಸಿರುಗಟ್ಟುತ್ತಿತ್ತು. ಈ ರೇಸಿನ 402 ಮೀಟರ್ ಓಟಕ್ಕೆ ಇದು ನಡೆಯುವುದಿಲ್ಲ. ಕಾರ್ಬ್ಯುರೇಟರಿಗೆ ದೊಡ್ಡ ಜೆಟ್ (ಪೆಟ್ರೋಲ್ ಅಳತೆಯಲ್ಲಿ ಬಿಡುವ ಸಣ್ಣ ತೂತಿನ ತುಣುಕು) ಹಾಕು ಎಂದರು ಗೆಳೆಯರು. ಸ್ವಲ್ಪ ಹೊತ್ತು ನಿಲ್ಲಿಸಿದರೆ ತಾನೇ ವಾಸಿಯಾಗುವ ರೋಗ ಜೆಟ್ಟಿನದ್ದಾಗಿರಲಿಕ್ಕಿಲ್ಲ ಅನಿಸಿತು.

ಇಗ್ನಿಷನ್ ಕಾಯಿಲಿನ ವೈರ್ ತೆಗೆದು, ಕಾರ್ಬ್ಯುರೇಟರಿನ ಪೈಪನ್ನು ಡಬ್ಬಿಗೆ ಹಿಡಿದು ಸ್ಟಾರ್ಟರ್ ಹೊಡೆಸಿದೆ. ಪೆಟ್ರೋಲ್ ಮೊದಲು ಜೋರು, ಆಮೇಲೆ ಸಣ್ಣ ಧಾರೆ. ಪಂಪಿಗೆ ಬೇರೆ ಕ್ಯಾನಿನಿಂದ ಕೊಟ್ಟರೆ ಧಾರೆ ಕಮ್ಮಿಯಾಗಲೇ ಇಲ್ಲ. ಹಾಗಾದರೆ ಟ್ಯಾಂಕೇ. ಒಳಗೆ ಕೆಂಪು ಕೆಸರು. ಕಡಲ ಗಾಳಿ ಏನನ್ನು ಬಿಟ್ಟಿದೆ ಹೇಳಿ!

ಟ್ಯಾಂಕ್ ಇಳಿಸಿ, ಪೆಟ್ರೋಲ್ ವಾಸನೆ ಪೂರ್ತಿ ಹೋಗುವವರೆಗೆ ಸೋಪುನೀರಲ್ಲಿ ತೊಳೆದೆ. ನೀರು, ವಾಷಿಂಗ್ ಸೋಡಾ ತುಂಬಿ, ಟ್ಯಾಂಕಿಗೆ ತಾಗದಂತೆ ಕಬ್ಬಿಣದ ಸರಳು ಇಳಿಬಿಟ್ಟೆ. ಬ್ಯಾಟರಿ ಚಾರ್ಜರಿನ ನೆಗೆಟಿವ್ ಟ್ಯಾಂಕಿಗೆ, ಪಾಸಿಟಿವ್ ಸರಳಿಗೆ. ಕರೆಂಟು ಹರಿದಂತೆ ಟ್ಯಾಂಕಿನ ತುಕ್ಕು ಬಿಟ್ಟುಕೊಳ್ಳುತ್ತದೆ. ಉಲ್ಟಾ ಆದರೆ ಟ್ಯಾಂಕೇ ಕರಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸರಳು ಬೇಡ, ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಲ್ಲೇ ಮಾಡಬೇಕು, ಬೀಡಿ ಸೇದುವವರನ್ನು ದೂರವಿಡಬೇಕು.

ತೊಳೆದು ಒಣಗಿದ ಕೂಡಲೇ ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಿ ಕುಲುಕಿದೆ. ಇಲ್ಲಿ ತಡ ಮಾಡಿದರೆ ಅದೇ ಸಂಜೆಗೆ ಮತ್ತೆ ಕೆಂಪು. ಹೊಸ ಫಿಲ್ಟರ್ ಹಾಕಿದೆ. ಎರಡನೇ ಗೇರ್ ಈಗ ಕೊನೆಯವರೆಗೂ ಎಳೆಯುತ್ತದೆ. ಮುಂದಿನ ಕೆಲಸ ಕ್ಲಚ್ಚಿನದ್ದು.