ಭೂಗತ ಗಣಿಗಳಲ್ಲಿ ಡೀಸೆಲ್ ಹೊಗೆಯ ಅಪಾಯವನ್ನು ತಗ್ಗಿಸುವ ಬಗೆ

ಗಣಿಯೊಳಗಿನ ಡೀಸೆಲ್ ಹೊಗೆಯ ಅಪಾಯವನ್ನು ಕಣ್ಣಳತೆಯಿಂದ ನಿರ್ಧರಿಸಲಾಗದು. ಅದರಲ್ಲಿರುವ ಮಸಿಯ ಕಣಗಳು ಬಹುಪಾಲು ಒಂದು ಮೈಕ್ರಾನಿಗಿಂತ ಚಿಕ್ಕವಾದ್ದರಿಂದ, ಹೊಗೆ ಎದ್ದು ಕಾಣದ ಸುರಂಗದಲ್ಲಿಯೂ ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅವುಗಳ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಮತ್ತು ನೈಟ್ರೋಜನ್ ಆಕ್ಸೈಡುಗಳೂ ಇರುತ್ತವೆ. ಕಣ್ಣುರಿ, ತಲೆನೋವು, ಕೆಮ್ಮು ಕೂಡಲೇ ತೋರುವ ಲಕ್ಷಣಗಳು. ಶ್ವಾಸಕೋಶದ ಕ್ಯಾನ್ಸರ್ ವರ್ಷಗಳ ನಂತರ ತಲೆದೋರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಮೊದಲ ವರ್ಗಕ್ಕೆ ಸೇರಿಸಿತು.

ಆದ್ದರಿಂದ ಕೆಲಸ ಅಳತೆಯಿಂದಲೇ ಆರಂಭವಾಗಬೇಕು. ಕಾರ್ಮಿಕರ ಕೊರಳಪಟ್ಟಿಯ ಬಳಿ ಮಾದರಿ ಸಂಗ್ರಹಿಸುವ ಸಣ್ಣ ಪಂಪನ್ನು ಇಡೀ ಪಾಳಿ ಓಡಿಸಿ, ಶೋಧಕದಲ್ಲಿ ಸಿಕ್ಕ ಇಂಗಾಲವನ್ನು ಪ್ರಯೋಗಾಲಯದಲ್ಲಿ ಅಳೆಯಿಸಿರಿ. ಫಲಿತಾಂಶವನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದ ಲೋಹ ಮತ್ತು ಅಲೋಹ ಗಣಿಗಳ ಮಿತಿಯು ಘನ ಮೀಟರಿಗೆ 160 ಮೈಕ್ರೋಗ್ರಾಂ 'ಒಟ್ಟು ಇಂಗಾಲ', ಅಂದರೆ ಮಸಿಯ ಶುದ್ಧ ಇಂಗಾಲವೂ ಅದರೊಡನಿರುವ ಸಾವಯವ ಇಂಗಾಲವೂ ಸೇರಿ. ಐರೋಪ್ಯ ಒಕ್ಕೂಟದ ಮಿತಿಯು 50 ಮೈಕ್ರೋಗ್ರಾಂ 'ಧಾತುರೂಪದ ಇಂಗಾಲ', ಅಂದರೆ ಮಸಿಯ ಶುದ್ಧ ಇಂಗಾಲ ಮಾತ್ರ. ಇವೆರಡೂ ಬೇರೆ ಬೇರೆ ಅಳತೆಗಳಾದ್ದರಿಂದ ಒಂದರ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಸಮಾಧಾನಪಡುವುದು ಸರಿಯಲ್ಲ.

ಮೊದಲ ಗಮನ ಎಂಜಿನ್ನಿನ ಮೇಲಿರಲಿ, ಏಕೆಂದರೆ ಹುಟ್ಟದ ಹೊಗೆಯನ್ನು ಹೊರಹಾಕುವ ಪ್ರಮೇಯವೇ ಬರುವುದಿಲ್ಲ. ಕಟ್ಟಿಕೊಂಡ ಏರ್ ಫಿಲ್ಟರ್, ಸವೆದ ಇಂಜೆಕ್ಟರ್, ಅಗತ್ಯಕ್ಕಿಂತ ಹೆಚ್ಚು ಇಂಧನ ಬಿಡುವ ಪಂಪು ಇವು ಕಪ್ಪು ಹೊಗೆಯ ಸಾಮಾನ್ಯ ಕಾರಣಗಳು. ನೀಲಿ ಛಾಯೆ ಕಂಡರೆ ಎಣ್ಣೆ ಉರಿಯುತ್ತಿದೆಯೆಂದು ತಿಳಿಯಬೇಕು. ಪ್ರತಿಯೊಂದು ಯಂತ್ರವನ್ನೂ ನಿಗದಿತ ಅಂತರದಲ್ಲಿ, ಎಂಜಿನ್ ಬಿಸಿಯೇರಿದ ಬಳಿಕ, ಹೊರೆಯ ಸ್ಥಿತಿಯಲ್ಲಿಯೇ ಪರೀಕ್ಷಿಸಿ, ಹೊಗೆಕೊಳವೆಯ ಕಾರ್ಬನ್ ಮಾನಾಕ್ಸೈಡ್ ಪ್ರಮಾಣವನ್ನು ದಾಖಲಿಸಬೇಕು. ಒಂದು ಬಾರಿಯ ಅಂಕಿಗಿಂತ ಅದೇ ಯಂತ್ರದ ಹಿಂದಿನ ಅಂಕಿಗಳೊಡನೆ ಮಾಡುವ ಹೋಲಿಕೆಯೇ ಹೆಚ್ಚು ಹೇಳುತ್ತದೆ: ಏರುತ್ತಿರುವ ಪ್ರಮಾಣವು ಹೊಗೆ ಕಪ್ಪಾಗುವ ಮೊದಲೇ ದೋಷವನ್ನು ತೋರಿಸಿಕೊಡಬಲ್ಲದು. ಇಂಧನದಲ್ಲಿ ಗಂಧಕವು ದಶಲಕ್ಷಕ್ಕೆ 15 ಭಾಗವನ್ನು ಮೀರದಿರಲಿ. ಗಂಧಕ ಹೆಚ್ಚಿದಷ್ಟೂ ಸಲ್ಫೇಟ್ ಕಣಗಳು ಹೆಚ್ಚುತ್ತವೆ, ಹೊಗೆಯ ಹಾನಿಕರ ಅನಿಲಗಳನ್ನು ಮಾರ್ಪಡಿಸಲು ಹೊಗೆಕೊಳವೆಗೆ ಜೋಡಿಸಿದ ವೇಗವರ್ಧಕವೂ (ಕ್ಯಾಟಲಿಸ್ಟ್) ಹಾಳಾಗುತ್ತದೆ. ಸರದಿಗಾಗಿ ಕಾಯುವ ವಾಹನಗಳ ಎಂಜಿನ್ ಆರಿಸಬೇಕೆಂಬ ನಿಯಮಕ್ಕೆ ಖರ್ಚೇನೂ ಇಲ್ಲ. ಆದರೂ ಮೇಲ್ವಿಚಾರಕರು ಬೆನ್ನು ತಿರುಗಿಸಿದೊಡನೆ ಮುರಿಯುವ ನಿಯಮಗಳಲ್ಲಿ ಇದೂ ಒಂದು.

ಅನಂತರದ ಹೆಜ್ಜೆ ಕಣಶೋಧಕ. ಜೇನುಗೂಡಿನಂಥ ಪಿಂಗಾಣಿ ಶೋಧಕವು ಮಸಿಯ ಬಹುಪಾಲನ್ನು ಹಿಡಿದಿಡುತ್ತದೆಯಾದರೂ, ಹಿಡಿದ ಮಸಿ ಆಗಾಗ ಉರಿದು ಹೋಗದಿದ್ದರೆ ಕೊಳವೆಯಲ್ಲಿ ಹಿಮ್ಮುಖ ಒತ್ತಡ ಏರಿ ಎಂಜಿನ್ನಿಗೆ ಪೆಟ್ಟು ಬೀಳುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಆಯಾ ಯಂತ್ರದ ಹೊಗೆಯ ಉಷ್ಣತೆಯನ್ನು ಹಲವು ಪಾಳಿಗಳಲ್ಲಿ ದಾಖಲಿಸಿ ನೋಡಬೇಕು: ಭಾರ ಹೊತ್ತು ಏರು ಹತ್ತುವ ಟ್ರಕ್ಕಿನಲ್ಲಿ ತಾನಾಗಿ ಉರಿಯುವ ಮಸಿಯು, ಹಗುರ ಕೆಲಸದ ವಾಹನದಲ್ಲಿ ಉರಿಯದೆ ಉಳಿಯಬಹುದು, ಅಂಥದಕ್ಕೆ ವಿದ್ಯುತ್ತಿನಿಂದ ಕಾಯಿಸಿ ಶುಚಿಗೊಳಿಸುವ ಶೋಧಕ ಬೇಕಾಗುತ್ತದೆ. ಕೆಲವು ವೇಗವರ್ಧಕಗಳು ಮಸಿಯನ್ನೋ ಕಾರ್ಬನ್ ಮಾನಾಕ್ಸೈಡನ್ನೋ ತಗ್ಗಿಸುತ್ತಲೇ ನೈಟ್ರೋಜನ್ ಡೈಆಕ್ಸೈಡನ್ನು ಹೆಚ್ಚಿಸುತ್ತವೆ. ಹೊಗೆ ಕಾಣದಂತಾಯಿತೆಂದು ಸಂತೋಷಪಡುವ ಮೊದಲು ಈ ಅನಿಲವನ್ನು ಅಳೆಯುವುದು ಕಡ್ಡಾಯವಾಗಬೇಕು. ಸ್ಫೋಟಕ ಅನಿಲದ ಭೀತಿಯಿರುವ ಕಲ್ಲಿದ್ದಲು ಗಣಿಗಳಲ್ಲಿ ಕಾದ ಹೊರಮೈಯೇ ಅಪಾಯವಾದ್ದರಿಂದ, ಅಲ್ಲಿಗೆಂದೇ ಅನುಮೋದನೆಗೊಂಡ ವ್ಯವಸ್ಥೆಯನ್ನಷ್ಟೇ ಬಳಸತಕ್ಕದ್ದು.

ಉಳಿದ ಹೊಗೆಯನ್ನು ತೆಳುಗೊಳಿಸುವುದು ಗಾಳಿಯ ಕೆಲಸ. ಪ್ರತಿ ಕಿಲೋವಾಟ್ ಎಂಜಿನ್ ಸಾಮರ್ಥ್ಯಕ್ಕೆ ಸೆಕೆಂಡಿಗೆ ಸುಮಾರು 0.06 ಘನ ಮೀಟರ್ ಗಾಳಿ ಎಂಬ ಲೆಕ್ಕ ಹಲವೆಡೆ ರೂಢಿಯಲ್ಲಿದೆ. ಅದರಂತೆ 200 ಕಿಲೋವಾಟಿನ ಲೋಡರಿಗೆ ಸೆಕೆಂಡಿಗೆ 12 ಘನ ಮೀಟರ್ ಬೇಕು, ಎರಡನೆಯ ಯಂತ್ರ ಬಂದರೆ ಅದರ ಪಾಲನ್ನೂ ಕೂಡಿಸಬೇಕು. ಫ್ಯಾನಿನ ಮೇಲೆ ನಮೂದಿಸಿದ ಸಾಮರ್ಥ್ಯವನ್ನು ಕೆಲಸದ ಸ್ಥಳಕ್ಕೆ ತಲುಪುವ ಗಾಳಿಯೆಂದು ಭಾವಿಸುವವರಿದ್ದಾರೆ. ಹರಿದ ಗಾಳಿಕೊಳವೆಯ ತುದಿಯಲ್ಲಿ ಅಳೆದರೆ ವ್ಯತ್ಯಾಸ ತಿಳಿಯುತ್ತದೆ. ಸಹಾಯಕ ಫ್ಯಾನನ್ನು ತಾಜಾ ಗಾಳಿಯ ಹರಿವಿನಲ್ಲಿಯೇ ಇರಿಸಬೇಕು, ಇಲ್ಲವಾದರೆ ಹೊರಬಂದ ಹೊಗೆಯನ್ನೇ ಅದು ಮತ್ತೆ ಒಳಕ್ಕೆ ತಳ್ಳುತ್ತದೆ. ಗಾಳಿ ಬರುವ ದಿಕ್ಕಿನಲ್ಲಿ ಜನ, ಹೋಗುವ ದಿಕ್ಕಿನಲ್ಲಿ ಯಂತ್ರ ಇರುವಂತೆ ಕೆಲಸವನ್ನು ಹಂಚಿರಿ. ಹೊಸ ಯಂತ್ರ ಕೊಳ್ಳುವ ಸಂದರ್ಭ ಬಂದಾಗ ಬ್ಯಾಟರಿಚಾಲಿತವನ್ನು ಪರಿಶೀಲಿಸುವುದು ಉಚಿತ, ಏಕೆಂದರೆ ಆ ಯಂತ್ರ ಹೊಗೆಯನ್ನೇ ಬಿಡದ್ದರಿಂದ ಗಾಳಿಯ ಈ ಲೆಕ್ಕದಲ್ಲಿ ಅದರ ಹೊಗೆಯ ಪಾಲನ್ನು ಸೇರಿಸಬೇಕಾಗುವುದಿಲ್ಲ.

ಚಾಲಕರಿಗೆ ಶೋಧಿಸಿದ ಗಾಳಿಯನ್ನು ಒತ್ತಡದಿಂದ ತುಂಬುವ ಮುಚ್ಚಿದ ಕ್ಯಾಬಿನ್ ಒಳ್ಳೆಯ ರಕ್ಷಣೆ. ಬಾಗಿಲಿನ ರಬ್ಬರ್ ಪಟ್ಟಿ ಹರಿದಿದ್ದರೆ ಅಥವಾ ಕಿಟಕಿ ತೆರೆದಿದ್ದರೆ ಆ ರಕ್ಷಣೆ ಉಳಿಯದು. ಮಾಸ್ಕ್ ಕೊನೆಯ ಉಪಾಯ. ಎಣ್ಣೆಯ ಕಣಗಳನ್ನೂ ತಡೆಯುವ ದರ್ಜೆಯದನ್ನೇ ಆರಿಸಿ, ಮುಖಕ್ಕೆ ಸರಿಯಾಗಿ ಕೂರುವುದೋ ಎಂಬುದನ್ನು ಪ್ರತಿಯೊಬ್ಬರಲ್ಲೂ ಪರೀಕ್ಷಿಸಬೇಕು. ಗಡ್ಡವಿದ್ದರೆ ಅಂಚಿನಲ್ಲಿ ಸೋರಿಕೆ ತಪ್ಪದು. ಕಣಗಳನ್ನು ಮಾತ್ರ ಸೋಸುವ ಮಾಸ್ಕ್ ಅನಿಲಗಳನ್ನು ತಡೆಯುವುದಿಲ್ಲವಾದ್ದರಿಂದ, ಅನಿಲ ಸೂಚಕವು ಎಚ್ಚರಿಕೆ ನೀಡಿದಾಗ ಮಾಸ್ಕ್ ಧರಿಸಿದ್ದೇವೆಂದು ಅಲ್ಲಿಯೇ ಕೆಲಸ ಮುಂದುವರಿಸದೆ, ಎಂಜಿನ್ ಆರಿಸಿ ತಾಜಾ ಗಾಳಿಯಿರುವ ಕಡೆಗೆ ಹೊರಟುಬಿಡಬೇಕು.