ಮಂಡಕ್ಕಿ ಭಟ್ಟಿ ಕೆಲಸಗಾರರ ಯೋಗಕ್ಷೇಮವನ್ನು ಮಾಲೀಕರು ವಿಚಾರಿಸುವ ಬಗೆ
ಮಳೆ ಹಿಡಿದು ದಾವಣಗೆರೆಯ ಭಟ್ಟಿಗಳಲ್ಲಿ ಕೆಲಸ ತಗ್ಗಿದಾಗ, ಎಲ್ಲರೆದುರು ‘ಆರಾಮಿದ್ದೀರಾ?’ ಎಂದರೆ ‘ಹ್ಞೂಂ ಸಾವ್ಕಾರ್ರೆ’ ಅಂತಲೇ ಉತ್ತರ ಬರುತ್ತದೆ. ಒಬ್ಬೊಬ್ಬರನ್ನೇ ಕರೆದು 10 ನಿಮಿಷ ಕೂರಿಸಿಕೊಳ್ಳಿ. ಬಟವಾಡೆ ದಿನ ಬೇಡ. ಮುಂಗಡ ಮುರಿದುಕೊಳ್ಳಲು ಕರೆದರೆಂದು ಹೆದರಿ ಬಾಯಿ ಬಿಡುವುದಿಲ್ಲ. ‘ರಾತ್ರಿ ನಿದ್ದೆ ಬರ್ತಿದೆಯಾ? ಸಂಘದ ಸಾಲದ ಕಂತು ಎಷ್ಟು ವಾರ ನಿಂತಿದೆ?’ ಎಂದು ಬಿಡಿಸಿ ಕೇಳಿ, ಆಮೇಲೆ ಸುಮ್ಮನಿರಿ. ಮಾಲೀಕರಿಗೆ ಕಷ್ಟವಾಗುವುದು ಇದೇ. ಬುತ್ತಿ ಬಿಚ್ಚದೆ ವಾಪಸ್ ಒಯ್ಯುವವರನ್ನು, ಪದೇಪದೇ ಕೈ ಸುಟ್ಟುಕೊಳ್ಳುವವರನ್ನು ಮೊದಲು ವಿಚಾರಿಸಿ. ಕೇಳಿದ್ದು ಮೇಸ್ತ್ರಿಯ ಕಿವಿಗೆ ಬಿದ್ದರೆ ಮುಂದೆ ಯಾರೂ ಹೇಳಿಕೊಳ್ಳುವುದಿಲ್ಲ. ನೀವು ಒಪ್ಪಿಕೊಂಡದ್ದನ್ನಷ್ಟೇ ಬರೆದಿಟ್ಟು ವಾರದೊಳಗೆ ಮಾಡಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ. ಅಲ್ಲಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ (ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ), ಚಿಗಟೇರಿ ಜಿಲ್ಲಾಸ್ಪತ್ರೆಗೆ ಜೊತೆಯಲ್ಲೇ ಹೋಗಿ.